ಡಯಾಲಿಸಿಸ್ ಮನೆಗೂ ಬರಲಿ

ಮಾನ್ಯ ಸಂಪಾದಕರೇ,

ವಿಶ್ವ ಕಿಡ್ನಿ ದಿನಕ್ಕೆ ನೀವು ಇಡೀ ಪುಟ ಕೊಟ್ಟಿದ್ದು ನೋಡಿ ಖುಷಿಯಾಯಿತು. ಉಪ್ಪು ಕಡಿಮೆ ಮಾಡಿ, ಶುಗರ್ ಬಿಪಿ ನೋಡಿಕೊಳ್ಳಿ, ಎಲ್ಲ ಬೇಕಾದ ಮಾತೇ. ಆದರೆ ಕಿಡ್ನಿ ಕೈಕೊಟ್ಟ ಮೇಲೂ ಜನ ವರ್ಷಗಟ್ಟಲೆ ಬದುಕುತ್ತಾರಲ್ಲ, ಅದಕ್ಕೆ ದಾರಿ ಮಾಡಿದ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಹೆಸರು ಆ ಪುಟದಲ್ಲಿ ಇರಲಿಲ್ಲ.

ನನ್ನ ಹೆಂಡತಿಗೆ ಮೂರು ವರ್ಷದಿಂದ ಡಯಾಲಿಸಿಸ್, ಅಂದರೆ ಕಿಡ್ನಿಯ ಬದಲು ಮಷಿನ್‌ನಿಂದ ರಕ್ತ ಶುದ್ಧ ಮಾಡುವುದು, ನಡೆಯುತ್ತಿದೆ. ಅವಳ ಎಡಗೈಯಲ್ಲಿ ಡಯಾಲಿಸಿಸ್‌ಗೆಂದೇ ಎರಡು ರಕ್ತನಾಳ ಜೋಡಿಸಿದ್ದಾರೆ, ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ರಕ್ತ ಝುಮ್ ಎಂದು ಓಡುವುದು ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಮುಟ್ಟಿ ನೋಡುತ್ತೇನೆ. ಆಮೇಲೇ ಕಾಫಿ.

ಹಾಲೆಂಡಿನ ವಿಲೆಮ್ ಕಾಲ್ಫ್ 1943ರಲ್ಲೇ ಕೃತಕ ಕಿಡ್ನಿ ಮಷಿನ್ ಮಾಡಿದ್ದರು. ಆದರೆ ರೋಗಿಯನ್ನು ಅದಕ್ಕೆ ಜೋಡಿಸಲು ಪ್ರತಿ ಸಲ ಹೊಸ ರಕ್ತನಾಳ ಕುಯ್ಯಬೇಕಿತ್ತು. ಕೆಲವು ಸಲ ಆದ ಮೇಲೆ ಕುಯ್ಯಲು ಜಾಗವೇ ಇರುತ್ತಿರಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಸ್ಕ್ರಿಬ್ನರ್ ಒಬ್ಬ ರೋಗಿಯನ್ನು ಹೀಗೆ ಚೇತರಿಸಿದರು. ಆಮೇಲೆ ಅವನ ಕಿಡ್ನಿ ಮತ್ತೆಂದೂ ಕೆಲಸ ಮಾಡುವುದಿಲ್ಲ ಎಂದು ಗೊತ್ತಾಯಿತು. ಸಾಯಲೆಂದೇ ಮನೆಗೆ ಕಳಿಸಬೇಕಾಯಿತು. ಆ ಸಂಕಟ ಅವರನ್ನು ಬಿಡಲಿಲ್ಲ. ಒಂದು ರಾತ್ರಿ ನಿದ್ದೆಯಿಂದ ಎದ್ದಾಗ ಉಪಾಯ ಹೊಳೆಯಿತು: ಕೈಯ ರಕ್ತನಾಳಗಳಿಗೆ ಕೊಳವೆ ಹಾಕಿ, ತೆಗೆಯದೆ ಹಾಗೇ ಬಿಟ್ಟರೆ? ಆ ಕೊಳವೆ ಟೆಫ್ಲಾನಿನದು. ನಮ್ಮ ದೋಸೆ ತವಾಕ್ಕೆ ಬಳಿಯುವ ಅದೇ ಟೆಫ್ಲಾನ್! 1960ರ ಮಾರ್ಚ್‌ನಲ್ಲಿ ಕ್ಲೈಡ್ ಶೀಲ್ಡ್ಸ್ ಎಂಬ ಕಾರ್ಮಿಕನಿಗೆ ಅದನ್ನು ಹಾಕಿದರು. ಆತ ಮತ್ತೆ 11 ವರ್ಷ ಬದುಕಿದ. ಈಗಿನ ಫಿಸ್ಟುಲಾ ಬಂದಿದ್ದು 1966ರಲ್ಲಿ, ನ್ಯೂಯಾರ್ಕಿನಿಂದ.

ಸ್ಕ್ರಿಬ್ನರ್ ಇದರಿಂದ ದುಡ್ಡು ಮಾಡಿಕೊಳ್ಳಲಿಲ್ಲ. 2002ರಲ್ಲಿ ಅವರಿಗೂ ಕಾಲ್ಫ್ ಅವರಿಗೂ ಒಟ್ಟಿಗೆ ಅಮೆರಿಕದ ದೊಡ್ಡ ವೈದ್ಯಕೀಯ ಗೌರವವಾದ ಲಾಸ್ಕರ್ ಪ್ರಶಸ್ತಿ ಬಂತು. ಮರುವರ್ಷ ಸ್ಕ್ರಿಬ್ನರ್ ತೀರಿಕೊಂಡರು.

ನಾನು ಈ ಪತ್ರ ಬರೆಯಲು ಕಾರಣ ಇನ್ನೊಂದು ಘಟನೆ. ಆಗ ಸಿಯಾಟಲ್‌ನಲ್ಲಿ ಇದ್ದದ್ದು ಕೆಲವೇ ಮಷಿನ್. ಯಾರಿಗೆ ಚಿಕಿತ್ಸೆ ಎಂದು ಒಂದು ಸಮಿತಿ ತೀರ್ಮಾನಿಸುತ್ತಿತ್ತು. ಒಬ್ಬ ಹೈಸ್ಕೂಲು ಹುಡುಗಿಗೆ ಇಲ್ಲ ಎಂದರು. ಸ್ಕ್ರಿಬ್ನರ್ ಸುಮ್ನೆ ಕೂರಲಿಲ್ಲ. ಎಂಜಿನಿಯರ್ ಆಲ್ಬರ್ಟ್ ಬ್ಯಾಬ್ ಜೊತೆ ಸೇರಿ ಕೆಲವೇ ತಿಂಗಳಲ್ಲಿ ಚಿಕ್ಕ ಮಷಿನ್ ಮಾಡಿಸಿದರು. 1964ರಲ್ಲಿ ಅದು ಆ ಹುಡುಗಿಯ ಮನೆಗೇ ಹೋಯಿತು. ಅವಳ ತಾಯಿ ಅದನ್ನು ನಡೆಸಲು ಕಲಿತರು.

ನಮ್ಮ ತುಮಕೂರು ಜಿಲ್ಲೆಯಲ್ಲಿ ಸರ್ಕಾರ ಉಚಿತವಾಗಿ ಡಯಾಲಿಸಿಸ್ ಕೊಡುತ್ತಿರುವುದು ದೊಡ್ಡ ಉಪಕಾರ. ಕಷ್ಟ ಇರುವುದು ದಾರಿಯಲ್ಲಿ. ಬೆಳಿಗ್ಗೆ 5ರ ಬಸ್ಸು, 4 ಗಂಟೆ ಮಷಿನ್ ಮೇಲೆ, ಬಿಪಿ ಇಳಿದು ತಲೆ ತಿರುಗುತ್ತಿರುವಾಗ ಮತ್ತೆ ಬಸ್ಸು. ಜೊತೆಗೆ ಬಂದವರ ಕೂಲಿಯೂ ಹೋಯಿತು. ಹೊಟ್ಟೆಯೊಳಗೆ ದ್ರಾವಣ ಬಿಟ್ಟು ತೆಗೆಯುವ ಡಯಾಲಿಸಿಸ್ ಕೂಡ ಇದೆ. ಮನೆಯಲ್ಲೇ ಮಾಡಿಕೊಳ್ಳಬಹುದು. ಕೈಯಿಂದ ಮಾಡುವ ವಿಧಾನಕ್ಕೆ ಮಷಿನ್ ಬೇಡ, ಕರೆಂಟ್ ಬೇಡ. ಸೋಂಕು ತಗುಲದಂತೆ ಜಾಸ್ತಿ ಎಚ್ಚರ ಬೇಕು, ಎಲ್ಲರಿಗೂ ಒಗ್ಗುವುದೂ ಇಲ್ಲ. ಆದರೆ ನಾನು ಮಾತಾಡಿಸಿದ ರೋಗಿಗಳಲ್ಲಿ ಬಹಳ ಜನ ಅದರ ಹೆಸರನ್ನೇ ಕೇಳಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬ ನರ್ಸ್ ಮನೆಯವರಿಗೆ ಇದನ್ನು ಕಲಿಸುವಂತಾದರೆ ಎಷ್ಟು ಜನ ಆ ಬಸ್ಸು ಹತ್ತುವುದು ತಪ್ಪುತ್ತದೆ, ಅಲ್ವಾ?

ದಯವಿಟ್ಟು ಈ ಬಗ್ಗೆ ವರದಿ ಮಾಡಿಸಿ. ನಿಮ್ಮ ವರದಿಗಾರರು ಬರುವುದಾದರೆ ನಾವು ಮಂಗಳವಾರ, ಶುಕ್ರವಾರ 5ರ ಬಸ್ಸಿನಲ್ಲಿರುತ್ತೇವೆ.

ಇಂತಿ,
ನಿವೃತ್ತ ಶಿಕ್ಷಕ, ಮಧುಗಿರಿ ತಾಲ್ಲೂಕು