ಸಾರ್ವಜನಿಕ ಮೈದಾನದಲ್ಲಿ ಮಕ್ಕಳ ಖೋ ಖೋ ತಂಡಕ್ಕೆ ಸಲ್ಲಬೇಕಾದ ಅವಧಿಯನ್ನು ತಪ್ಪಿಸುತ್ತಿರುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಮೈದಾನ ನಿರ್ವಹಣೆಯ ಗುತ್ತಿಗೆ ಸಂಸ್ಥೆ,
ತುಮಕೂರು.

ಮಾನ್ಯರೇ,

ಕ್ಯಾತ್ಸಂದ್ರದ ಸುತ್ತಮುತ್ತ ಸರ್ಕಾರಿ ಶಾಲೆಗಳಲ್ಲಿ ಓದುತ್ತಿರುವ ಇಪ್ಪತ್ತೆರಡು ಹೆಣ್ಣುಮಕ್ಕಳಿಗೆ ಶುಲ್ಕವಿಲ್ಲದೆ ಖೋ ಖೋ ಕಲಿಸುತ್ತಿರುವ ನಿವೃತ್ತ ದೈಹಿಕ ಶಿಕ್ಷಕ ನಾನು. ಮೈದಾನದಲ್ಲಿ ನಮ್ಮ ಅಭ್ಯಾಸದ ಅವಧಿಗಾಗಿ ಜೂನ್ ತಿಂಗಳಿಂದ ಮೂರು ಪತ್ರ ಕೊಟ್ಟು, ಹತ್ತಾರು ಬಾರಿ ದೂರವಾಣಿ ಮಾಡಿ, ಪ್ರತಿ ಸಲವೂ "ಸಾಹೇಬರಿಗೆ ತಿಳಿಸುತ್ತೇವೆ" ಎಂಬ ಉತ್ತರವನ್ನಷ್ಟೇ ಪಡೆದಿದ್ದೇನೆ. ಭಾನುವಾರ ಬೆಳಗಿನ ಆರರಿಂದ ಎಂಟರವರೆಗಿನ ಅವಧಿ ನಮ್ಮಂಥ ಮಕ್ಕಳ ತಂಡಕ್ಕೆ ಮೀಸಲೆಂಬುದು ನಿಮ್ಮ ಕರಾರಿನಲ್ಲಿದೆ, ಗೇಟಿನ ಫಲಕದಲ್ಲಿಯೂ ಇದೆ; ಅದನ್ನು ನಿಮಗೆ ವಿವರಿಸಬೇಕಾಗಿಲ್ಲ.

ಕಳೆದ ಭಾನುವಾರ ಆರಕ್ಕೆ ಐದು ನಿಮಿಷ ಮೊದಲೇ ನಾವು ಗೇಟಿನ ಮುಂದಿದ್ದೆವು. ನಿಮ್ಮ ಮೇಲ್ವಿಚಾರಕರು ಕುರ್ಚಿಯಿಂದ ಏಳದೆ "ಆಪ್‌ನಲ್ಲಿ ಬುಕಿಂಗ್ ಇದೆಯಾ?" ಎಂದರು. ಪತ್ರದ ಸ್ವೀಕೃತಿ ತೋರಿಸಿದೆ. ಅದನ್ನು ಮಡಿಸಿ ನನ್ನ ಜೇಬಿಗೇ ತುರುಕಿ, "ಗಂಟೆಗೆ ಒಂದೂವರೆ ಸಾವಿರ ಕಟ್ಟಿ, ಆಮೇಲೆ ಮಾತಾಡಿ ಮೇಷ್ಟ್ರೇ" ಎಂದರು. ಏಳನೇ ತರಗತಿಯ ಹುಡುಗಿಯೊಬ್ಬಳು "ಅಂಕಲ್, ಆ ಮೂಲೆಯಲ್ಲಿ ಗೆರೆ ಹಾಕಿಕೊಂಡು ಆಡ್ತೀವಿ" ಎಂದು ಕೇಳಿಕೊಂಡಾಗ, "ನಿಮ್ಮಪ್ಪನ ಜಮೀನೇನಮ್ಮಾ ಇದು?" ಎಂದು ಅವಳ ಕೈಯಲ್ಲಿದ್ದ ಸುಣ್ಣದ ಪುಡಿಯ ಚೀಲವನ್ನು ಕಿತ್ತು ಚರಂಡಿಯ ಪಕ್ಕ ಸುರಿದರು. ಅವಳ ತಂದೆ ಗಾರೆ ಕೆಲಸದವರು. ಆ ಸುಣ್ಣವನ್ನು ಕೊಟ್ಟವರು ಅವರೇ. ಅಷ್ಟರಲ್ಲಿ ಕಾರುಗಳಲ್ಲಿ ಬಂದ ಕ್ರಿಕೆಟ್ ತಂಡಕ್ಕೆ ಗೇಟು ತೆರೆಯಿತು. ಮಕ್ಕಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮನೆಗೆ ಹಿಂದಿರುಗುವವರೆಗೂ ಯಾರೊಬ್ಬರೂ ಮಾತಾಡಲಿಲ್ಲ.

ಖೋ ಖೋ ಅಂಕಣಕ್ಕೆ ಬೇಕಿರುವುದು 27 ಮೀಟರ್ ಉದ್ದ, 16 ಮೀಟರ್ ಅಗಲದ ಮಣ್ಣಿನ ನೆಲ ಮತ್ತು ಎರಡು ಕಂಬ ಮಾತ್ರ. ಡೈವ್ ಹೊಡೆದು ಎದುರಾಳಿಯನ್ನು ಮುಟ್ಟಬೇಕಾದ ಆಟವನ್ನು ಈ ಮಕ್ಕಳು ಎರಡು ತಿಂಗಳಿಂದ ಬಡಾವಣೆಯ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದು, ಮೊಣಕಾಲು ತರಚದವರು ತಂಡದಲ್ಲಿ ಯಾರೂ ಉಳಿದಿಲ್ಲ.

ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ನಮ್ಮ ರಾಜ್ಯದಲ್ಲಿ 1985ರಿಂದಲೇ ಕಾಯ್ದೆಯಿದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ತೀರ್ಪು ನೀಡಿದೆ. ನಿಮಗೆ ಸಿಕ್ಕಿರುವುದು ನಿರ್ವಹಣೆಯ ಹೊಣೆಯೇ ಹೊರತು ಒಡೆತನವಲ್ಲ.

ಮೇಲ್ವಿಚಾರಕರು ಆ ಹುಡುಗಿಯ ಎದುರು ನಿಂತು ಕ್ಷಮೆ ಕೇಳಬೇಕು. ನಮ್ಮ ಅವಧಿ ಲಿಖಿತವಾಗಿ ಖಚಿತವಾಗಬೇಕು. ಏಳು ದಿನಗಳಲ್ಲಿ ಇವೆರಡೂ ಆಗದಿದ್ದರೆ, ನಿಮ್ಮ ಕರಾರಿನ ಪ್ರತಿ ಮತ್ತು ಈವರೆಗಿನ ಬುಕಿಂಗ್ ವಸೂಲಿಯ ಲೆಕ್ಕವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮೈದಾನದ ಒಡೆತನವಿರುವ ಕಚೇರಿಯಿಂದ ಕೇಳುತ್ತೇನೆ, ಗುತ್ತಿಗೆ ರದ್ದುಪಡಿಸಲು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸುತ್ತೇನೆ. ಅದರ ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಇಪ್ಪತ್ತೆರಡು ಮಕ್ಕಳೂ ಅವರ ತಂದೆತಾಯಂದಿರೂ ಸುಣ್ಣದ ಚೀಲಗಳೊಂದಿಗೆ ಗೇಟಿನ ಮುಂದಿರುತ್ತಾರೆ. ಆ ದಿನ ನಾವು ಪಕ್ಕಕ್ಕೆ ಸರಿಯುವುದಿಲ್ಲ.

ಇಂತಿ,
ಖೋ ಖೋ ತಂಡದ ತರಬೇತುದಾರ,
ಕ್ಯಾತ್ಸಂದ್ರ, ತುಮಕೂರು