ಆ ರಾತ್ರಿ ಫೋನ್ ಇಡದ ಅಕ್ಕನಿಗೆ

ಇಂಟರ್ನೆಟ್ ಬಳಸುವವರ ಖಾಸಗಿತನ ಕಾಯುವ ಈ ಕೆಲಸಕ್ಕೆ ಬಂದು 15 ವರ್ಷ ಆಯಿತು. ಬೆಳಿಗ್ಗೆಯಿಂದ ಶುಭಾಶಯ ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಕೂತೆ, ಮುಗಿಯಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇದು.

2010ರಲ್ಲಿ ಒಂದೇ ವೈಫೈಯಲ್ಲಿ ಇದ್ದರೆ ಪಕ್ಕದವರ ಲಾಗಿನ್ ಕದಿಯುವುದು ಎಷ್ಟು ಸುಲಭವಿತ್ತು ಅಂದರೆ ಹೊಸಬರು ನಂಬುವುದಿಲ್ಲ. ಆ ವರ್ಷ ಬಂದ ಎಚ್‌ಟಿಟಿಪಿಎಸ್ ಎವ್ರಿವೇರ್ ನೋಡಿಯೇ (ಸಾಧ್ಯವಿದ್ದ ಕಡೆ ಸೈಟಿನ ಜೊತೆಗಿನ ಸಂಪರ್ಕವನ್ನು ಬೇರೆಯವರು ಓದದಂತೆ ಗೂಢಲಿಪಿಗೆ ಬದಲಿಸುತ್ತಿದ್ದ ಬ್ರೌಸರ್ ಸಾಧನ ಅದು) ನಾನು ಈ ಕಡೆ ಬಂದೆ. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ, ಇಂಥ ಸುರಕ್ಷಿತ ಸಂಪರ್ಕಕ್ಕೆ ಸೈಟುಗಳಿಗೆ ಬೇಕಾಗುವ ಸರ್ಟಿಫಿಕೇಟುಗಳನ್ನು ಪುಕ್ಕಟೆ ಕೊಡತೊಡಗಿತು. ಎರಡರ ಹಿಂದೆಯೂ ಇದ್ದ ಪೀಟರ್ ಎಕರ್ಸ್ಲಿ 2022ರಲ್ಲಿ ತೀರಿಕೊಂಡರು. ಅವರನ್ನು ಒಮ್ಮೆಯೂ ಭೇಟಿ ಮಾಡಿಲ್ಲ. ಆದರೂ ಅವರ ಋಣ ನನ್ನ ಮೇಲಿದೆ. ಜೊತೆಗೆ ಕೋಡ್ ಬರೆದವರು, ತಪ್ಪು ತೋರಿಸಿದವರು, ಕೋರ್ಟಿನ ಭಾಷೆ ಬಿಡಿಸಿ ಹೇಳಿದ ವಕೀಲರು, ತಿಂಗಳು ತಿಂಗಳು ದೇಣಿಗೆ ಕಳಿಸಿದವರು, ಎಲ್ಲರಿಗೂ ಮನಸಾರೆ ಧನ್ಯವಾದ.

ಅಕ್ಕ, ನಿಮಗೆ ಅಷ್ಟರಲ್ಲಿ ಮುಗಿಸಲು ನನಗೆ ಆಗುವುದಿಲ್ಲ.

ಆ ರಾತ್ರಿಯ ಕಥೆ ನಮ್ಮವರಿಗೆಲ್ಲ ಗೊತ್ತು. ಪರೀಕ್ಷೆಗೆಂದು ಆನ್ ಮಾಡಿದ್ದ ಲಾಗನ್ನು, ಅಂದರೆ ಯಾರು ಯಾವಾಗ ಬಂದರೆಂದು ಸರ್ವರ್ ಬರೆದಿಡುವ ದಾಖಲೆಯನ್ನು, ನಾನು ಆಫ್ ಮಾಡಿರಲಿಲ್ಲ. ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದ ಸರ್ವರಿನಲ್ಲಿ ಯಾವ ಇಂಟರ್ನೆಟ್ ಸಂಪರ್ಕದಿಂದ ಬಂದರೆಂದು ತೋರಿಸುವ ಐಪಿ ವಿಳಾಸಗಳು, ಪಕ್ಕದಲ್ಲೇ ತಾರೀಖು, ಗಂಟೆ, ನಿಮಿಷ. ಸ್ಕ್ರೋಲ್ ಮಾಡಿದಷ್ಟೂ ಮುಗಿಯುತ್ತಿರಲಿಲ್ಲ. ನಮ್ಮನ್ನು ನಂಬಿದವರಲ್ಲಿ ಪತ್ರಕರ್ತರಿದ್ದರು, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವರಿದ್ದರು. ನನ್ನ ಕೈ ನಡುಗುತ್ತಿತ್ತು. ನಿಮಗೆ ಫೋನ್ ಮಾಡಿದೆ.

ನೀವು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಬೇರೆ ಯಾರಾದ್ರೂ ಫೈಲ್ ತೆಗೆದಿದ್ದಾರಾ? ಮೊದಲು ಅದನ್ನ ನೋಡು" ಅಂದಿರಿ. ಫೋನಿನಲ್ಲೇ ಇಬ್ಬರೂ ಕೂತು ನೋಡಿದೆವು. ಯಾರೂ ಬಂದ ಗುರುತಿರಲಿಲ್ಲ. ಫೈಲ್ ಅಳಿಸಿದೆವು. ಬ್ಯಾಕಪ್‌ನಲ್ಲೂ ಒಂದು ಪ್ರತಿ ಇರುತ್ತದೆ ಅಂತ ನೆನಪಿಸಿದವರು ನೀವೇ. ಅದೂ ಹೋದ ಮೇಲೆ, "ಇನ್ನು ಯಾರಿಗೂ ಹೇಳೋದು ಬೇಡ ಅಲ್ವಾ?" ಅಂತ ಕೇಳಿಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನೀವು ಸ್ವಲ್ಪ ಹೊತ್ತು ಸುಮ್ಮನಿದ್ದಿರಿ. ಆಮೇಲೆ, "ಅವರ ವಿಷಯ ಅವರಿಗೆ ಗೊತ್ತಾಗಬೇಡ್ವಾ? ಬರಿ" ಅಂದಿರಿ. ನಾನು 'ತಾಂತ್ರಿಕ ಕಾರಣದಿಂದ' ಅಂತ ಶುರು ಮಾಡಿದ್ದೆ. ಅದನ್ನು ತೆಗೆಸಿ, 'ಲಾಗ್ ಆಫ್ ಮಾಡುವುದನ್ನು ನಾನು ಮರೆತೆ' ಎಂದು ಬರೆಸಿದಿರಿ. ಬೆಳಗಿನ ಜಾವ ಆ ಸೂಚನೆ ಹಾಕುವ ತನಕ ಫೋನ್ ಇಡಲಿಲ್ಲ.

ಮಾರನೇ ದಿನ ಕೆಲಸ ಬಿಡ್ತೀನಿ ಅಂತ ಅತ್ತಿದ್ದೆ. ಬಿಡಲಿಲ್ಲ ನೋಡಿ. ಈಗಲೂ ಹೊಸ ಕೋಡ್ ಕೈಗೆ ಬಂದರೆ ಲಾಗ್ ಎಲ್ಲಿ ಬರೆಯುತ್ತಿದೆ ಅಂತಲೇ ಮೊದಲು ಹುಡುಕುತ್ತೇನೆ. ಹೋದ ವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನಗಿಂತ ಮುಂಚೆ ಅದನ್ನು ಕೇಳಿದಳು. ಇದನ್ನು ನಿಮಗೆ ಹೇಳಬೇಕು ಅನ್ನಿಸಿತು, ಅಕ್ಕ.