ಹಾರ್ಟ್ ಪಂಪಿಂಗ್ ಕಮ್ಮಿ ಇದ್ದವರಿಗೆ ಆರ್ಜಿನಿನ್ ಪೌಡರ್ ಬೇಡ

ಮಾನ್ಯ ಸಂಪಾದಕರೇ,

ಹಾರ್ಟ್ ನಿಮಿಷಕ್ಕೆ ಹೊರಗೆ ಹಾಕುವ ರಕ್ತ ಕಮ್ಮಿ ಆಗುದಕ್ಕೂ ಎಡಿಎಂಎ ಅನ್ನುವ ಅಮೈನೋ ಆಮ್ಲಕ್ಕೂ ಸಂಬಂಧ ಉಂಟು ಅಂತ ಗೊತ್ತಾದ ಮೇಲೆ ನಮ್ಮ ಪೆರ್ಲ, ಬದಿಯಡ್ಕ ಕಡೆ ಕೆಲವರು ಆರ್ಜಿನಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲದ ಪೌಡರ್ ತರಿಸಿ ಹಾರ್ಟ್ ಪೇಶೆಂಟ್‌ಗಳಿಗೆ ಕೊಡ್ಲಿಕ್ಕೆ ಶುರು ಮಾಡಿದ್ದಾರೆ, ಅದಕ್ಕೇ ಈ ಪತ್ರ.

ಈ ಎಡಿಎಂಎ ಹೊರಗಿಂದ ಬರುವ ವಿಷ ಅಲ್ಲ, ನಮ್ಮ ದೇಹದ ಪ್ರೋಟೀನ್ ಒಡೆಯುವಾಗ ತನ್ನಿಂದ ತಾನೇ ಹುಟ್ತದೆ. ರಕ್ತನಾಳ ಸಡಿಲ ಇರ್ಬೇಕಾದ್ರೆ ನೈಟ್ರಿಕ್ ಆಕ್ಸೈಡ್ ಬೇಕು, ಅದು ತಯಾರಾಗುದು ಆರ್ಜಿನಿನ್‌ನಿಂದ, ಆದ್ರೆ ಆರ್ಜಿನಿನ್ ಕೂರ್ಬೇಕಾದ ಜಾಗದಲ್ಲಿ ಎಡಿಎಂಎ ಹೋಗಿ ಕೂತ್ರೆ ತಯಾರಿ ನಿಲ್ತದೆ, ನಾಳ ಬಿಗಿ ಆಗ್ತದೆ, ಬಿಪಿ ಏರ್ತದೆ. ಕಿಡ್ನಿ ಫೇಲ್ ಆದವರಲ್ಲಿ ಇದು ಜಮೆ ಆಗ್ತದೆ ಅಂತ 1992ರಲ್ಲೇ ಲಂಡನ್‌ನ ಪ್ಯಾಟ್ರಿಕ್ ವ್ಯಾಲನ್ಸ್ ತಂಡ ತೋರಿಸಿತ್ತು. ಮುಂದೆ ಆರೋಗ್ಯವಂತರಿಗೇ ಇದನ್ನು ಡ್ರಿಪ್‌ನಲ್ಲಿ ಕೊಟ್ಟು ನೋಡಿದಾಗ ಹಾರ್ಟಿಂದ ಹೊರಡುವ ರಕ್ತ ಕಮ್ಮಿ ಆದದ್ದು ಕಂಡಿತು.

ಹಾಗಾದ್ರೆ ಆರ್ಜಿನಿನ್ ಜಾಸ್ತಿ ತಿಂದ್ರೆ ಸರಿ ಆಗ್ತದಲ್ಲ ಅಂತ ಯಾರಿಗಾದ್ರೂ ಅನ್ನಿಸ್ತದೆ. ಅಮೆರಿಕದ ಡಾಕ್ಟರುಗಳಿಗೂ ಹಾಗೇ ಅನ್ನಿಸಿ ಹಾರ್ಟ್ ಅಟ್ಯಾಕ್ ಆದ 153 ಜನರನ್ನು ಸೇರಿಸಿ ಅರ್ಧದಷ್ಟು ಜನಕ್ಕೆ ಆರ್ಜಿನಿನ್, ಉಳಿದವರಿಗೆ ಬರೀ ಹುಸಿ ಮಾತ್ರೆ ಕೊಟ್ಟು ನೋಡಿದ್ರು. 2006ರಲ್ಲಿ ಬಂದ ರಿಸಲ್ಟ್ ಏನಂದ್ರೆ ಆರ್ಜಿನಿನ್ ತಗೊಂಡವರಲ್ಲಿ 6 ಜನ ತೀರಿಹೋದ್ರು, ಇನ್ನೊಂದು ಗುಂಪಲ್ಲಿ ಒಬ್ಬರೂ ಇಲ್ಲ, ಪ್ರಯೋಗ ಅರ್ಧಕ್ಕೇ ನಿಲ್ಲಿಸ್ಬೇಕಾಯ್ತು. ಇಷ್ಟು ಗೊತ್ತಿದ್ದೂ ಡಾಕ್ಟರನ್ನು ಕೇಳದೆ ಅದನ್ನು ಹಾಲಿಗೆ ಕಲಸಿ ಕೊಡುದು ನೋಡುವಾಗ ನಿಜವಾಗ್ಲೂ ಹೆದರಿಕೆ ಆಗ್ತದೆ.

ಪೌಡರಿಗೆ ಹಾಕುವ ದುಡ್ಡಲ್ಲಿ ಹಾರ್ಟಿನ ಸ್ಕ್ಯಾನ್ ಆದ ಒಂದು ಎಕೋ, ಕಿಡ್ನಿ ಹೇಗುಂಟು ಅಂತ ನೋಡುವ ಒಂದು ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ. ಪಂಪಿಂಗ್ ಕಮ್ಮಿ ಅಂತ ಹೇಳಿದವರಿಗೂ ನಮ್ಮಲ್ಲಿ ಗಂಜಿ ಜೊತೆ ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ ತಪ್ಪುದಿಲ್ಲ, ಆ ಉಪ್ಪಿಂದ ನೀರು ತುಂಬಿ ಕಾಲು ಬಾತು ರಾತ್ರಿ ಉಬ್ಬಸ ಬರುದು, ಅದರ ಬಗ್ಗೆ ಯಾರೂ ಮಾತಾಡುದೇ ಇಲ್ಲ.

ನಿಮ್ಮಲ್ಲಿ ಒಂದು ರಿಕ್ವೆಸ್ಟ್. ಇಲ್ಲಿ ಆರೋಗ್ಯ ಇಲಾಖೆಯ ಕರಪತ್ರ ಹೆಚ್ಚಾಗಿ ಮಲಯಾಳದಲ್ಲಿ ಬರ್ತದೆ, ಮಂಗಳೂರಿಗೆ ಹೋಗಿ ಅಡ್ಮಿಟ್ ಆಗಿ ಬಂದ್ರೆ ಡಿಸ್ಚಾರ್ಜ್ ಚೀಟಿ ಇಂಗ್ಲಿಷಲ್ಲಿ, ಪ್ರಾಯದವರು ಕೂತು ಓದುದು ನಿಮ್ಮ ಪೇಪರ್ ಮಾತ್ರ. ಹಾಗಾಗಿ ಇಂಥ ಸಂಶೋಧನೆ ಬಗ್ಗೆ ಹಾಕುವಾಗ ಒಬ್ಬ ಹಾರ್ಟ್ ಡಾಕ್ಟರ ಹತ್ರ ಕೇಳಿ, ಪೇಶೆಂಟ್ ಮನೆಯವರು ಏನು ಮಾಡ್ಬೇಕು ಏನು ಮಾಡ್ಬಾರ್ದು ಅಂತ ಅದರ ಪಕ್ಕದಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಹಾಕಿ.

ಇತಿ,
ಪೆರ್ಲದ ಒಬ್ಬ ಓದುಗ, ಕಾಸರಗೋಡು ಜಿಲ್ಲೆ